ಬಿದ್ದು ಏಳುವ ಹೆಲಿಕಾಪ್ಟರು

ಮೊಮ್ಮಗನ ಹತ್ತನೆಯ ಹುಟ್ಟುಹಬ್ಬಕ್ಕೆ ಹೆಲಿಕಾಪ್ಟರು ಕೊಡಿಸುತ್ತೇನೆಂದು ಮಾತು ಕೊಟ್ಟಾಗ ನನ್ನ ಕಣ್ಣ ಮುಂದಿದ್ದದ್ದು ನಮ್ಮೂರ ಜಾತ್ರೆಯಲ್ಲಿ ಮಾರುತ್ತಿದ್ದ ತಗಡಿನ ಆಟಿಕೆ. ಕೀಲಿ ಕೊಟ್ಟು ನೆಲಕ್ಕೆ ಬಿಟ್ಟರೆ ಅದು ಗರಗರನೆ ಸುತ್ತುತ್ತಿತ್ತು. ಹಾರುವ ಮಾತೇ ಇರಲಿಲ್ಲ. ಹಾರದ ವಸ್ತುವಿನಲ್ಲಿ ಒಂದು ಅನುಕೂಲವಿದೆ: ಅದು ಬೀಳುವುದೂ ಇಲ್ಲ.

ಈಗಿನವು ನಿಜವಾಗಿಯೂ ಹಾರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಹಾರುವುದಕ್ಕೂ ಹಾರಿಸುವುದಕ್ಕೂ ಇರುವ ಅಂತರ ಗೊತ್ತಿರಲಿಲ್ಲ.

ನಮ್ಮ ಮನೆ ಇರುವುದು ಬೆಂಗಳೂರಿನ ಎಚ್‌ಎಎಲ್‌ ವಿಮಾನ ನಿಲ್ದಾಣದ ಮಗ್ಗುಲಿನ ಬಡಾವಣೆಯಲ್ಲಿ. ಆಕಾಶದಲ್ಲಿ ಪಟಪಟ ಸದ್ದು ಕೇಳಿದರೆ ಸಾಕು, ಪುಟ್ಟ ತಟ್ಟೆ ಬಿಟ್ಟು ತಾರಸಿಗೆ ಓಡುತ್ತಾನೆ. ಚೇತಕ್ ಯಾವುದು, ಧ್ರುವ ಯಾವುದು ಎಂದು ಸದ್ದಿನಿಂದಲೇ ಹೇಳುತ್ತಾನೆ. ಫ್ರಾನ್ಸಿನ ಪರವಾನಗಿಯಲ್ಲಿ 1960ರ ದಶಕದಿಂದ ಇಲ್ಲಿ ತಯಾರಾದದ್ದು ಚೇತಕ್, ಇಲ್ಲಿಯೇ ರೂಪುಗೊಂಡು 1992ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿದ್ದು ಧ್ರುವ ಎಂಬ ಪಾಠವನ್ನು ನಾನು ಅವನಿಂದಲೇ ಕೇಳಿದ್ದು. ಇಂಥ ಹುಡುಗನಿಗೆ ಹುಟ್ಟುಹಬ್ಬಕ್ಕೆ ಬೇರೇನು ಕೊಡಿಸಲು ಸಾಧ್ಯ?

ನಮ್ಮ ಬೀದಿಯ ಕೊನೆಯ ಫ್ಯಾನ್ಸಿ ಅಂಗಡಿಯಲ್ಲಿ 750 ರೂಪಾಯಿ ಕೊಟ್ಟು ಒಂದನ್ನು ತಂದೆ. ಡಬ್ಬದ ಮೇಲೆ ಬೆಟ್ಟ, ಮೋಡ, ಮಿಂಚುಗಳ ನಡುವೆ ಅದು ನುಗ್ಗಿ ಹೋಗುತ್ತಿರುವ ಚಿತ್ರವಿತ್ತು. ಸಂಜೆ ಕೇಕ್ ಕತ್ತರಿಸಿದ ಮೇಲೆ ನೆಂಟರಿಷ್ಟರೆಲ್ಲ ಗೋಡೆಗೆ ಒರಗಿ ಜಾಗ ಬಿಟ್ಟುಕೊಟ್ಟರು. ಪುಟ್ಟ ಗುಂಡಿ ಒತ್ತಿದ. ಹೆಲಿಕಾಪ್ಟರು ಒಮ್ಮೆಲೇ ಮೇಲೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವುದರೊಳಗೆ ಅದು ತಿರುಗುತ್ತಿದ್ದ ಫ್ಯಾನಿಗೆ ಬಡಿದು, ಷೋಕೇಸಿನ ಗಾಜಿಗೆ ತಗುಲಿ, ಎರಡು ತುಂಡಾಗಿ ಸೋಫಾದ ಹಿಂದೆ ಬಿತ್ತು.

ಹುಡುಗ ಮೊದಲು ನೋಡಿದ್ದು ಬಿದ್ದ ಹೆಲಿಕಾಪ್ಟರನ್ನಲ್ಲ, ನನ್ನ ಮುಖವನ್ನು. ಆ ಕ್ಷಣಕ್ಕೆ ನನ್ನ ಬಾಯಿಂದ ಬಂದ ಮಾತು: “ನೆಟ್ಟಗೆ ಹಿಡಿಯೋಕೆ ಬರಲ್ವೇನೋ? ಒಂದು ನಿಮಿಷ ಆಗಿಲ್ಲ, 750 ರೂಪಾಯಿ ಮಣ್ಣುಪಾಲು!”

ಅವನು ಅಳಲಿಲ್ಲ. ತುಂಡುಗಳನ್ನು ಆಯ್ದು ಡಬ್ಬದೊಳಗಿಟ್ಟು, ಮುಚ್ಚಳ ಹಾಕಿ, ಕುರ್ಚಿ ಹತ್ತಿ ಬೀರುವಿನ ಮೇಲಿಟ್ಟುಬಿಟ್ಟ. ಮಾರನೆಯ ದಿನ ನಾನು ತಪ್ಪು ತಿದ್ದಿಕೊಳ್ಳುವವನಂತೆ “ಇನ್ನೊಂದು ತರೋಣವೇನೋ?” ಎಂದೆ. “ಬೇಡ ತಾತ” ಎಂದ. ಅಷ್ಟೇ ಆಗಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಪಕ್ಕದ ಮನೆಯ ಹುಡುಗಿ ಸ್ಕೇಟಿಂಗ್ ಬೂಟು ಕೊಟ್ಟು ಓಡಿಸು ಎಂದರೆ “ಬೇಡ, ಹಾಳಾದರೆ?” ಎಂದ. ಆ ವರ್ಷ ಅವನ ಶಾಲೆಯಲ್ಲಿ ಪೆನ್ಸಿಲ್ ಬಿಟ್ಟು ಪೆನ್ನು ಹಿಡಿಸುತ್ತಿದ್ದರು. ಇವನು ಮಾತ್ರ ಪೆನ್ನು ಹಿಡಿಯಲು ಒಲ್ಲೆನೆನ್ನುತ್ತಾನೆಂದು ಟೀಚರು ಬರೆದು ಕಳಿಸಿದರು. ಕಾರಣ ಕೇಳಿದರೆ, “ತಪ್ಪಾದರೆ ಅಳಿಸೋಕಾಗಲ್ಲ” ಎಂದ.

ಮಕ್ಕಳ ಸ್ವಭಾವಕ್ಕೆ ನೂರು ಕಾರಣಗಳಿರುತ್ತವೆ, ಎಲ್ಲಕ್ಕೂ ನನ್ನ ಒಂದು ಮಾತೇ ಹೊಣೆ ಎಂದು ನಾನು ಹೇಳುವುದಿಲ್ಲ. ಆದರೆ ಬೀರುವಿನ ಮೇಲಿದ್ದ ಆ ಡಬ್ಬ ದಿನಕ್ಕೆ ಹತ್ತು ಸಲ ನನ್ನ ಕಣ್ಣಿಗೆ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಅದನ್ನು ಇಳಿಸಿ, ಕನ್ನಡಕ ಹಾಕಿಕೊಂಡು ಪರೀಕ್ಷಿಸಿದೆ. ರಿಮೋಟಿನಲ್ಲಿ ಇದ್ದದ್ದು ಒಂದೇ ಗುಂಡಿ. ಅದು ಚಾಲೂ ಮಾಡುವುದಕ್ಕೆ ಮತ್ತು ನಿಲ್ಲಿಸುವುದಕ್ಕೆ. ಕೆಳಗೆ ಅಂಗೈ ಒಡ್ಡಿದರೆ ಮೇಲೇಳುವ ಸೆನ್ಸರ್ ಒಂದಿತ್ತು. ಎಡಕ್ಕೆ ಹೋಗು, ಬಲಕ್ಕೆ ಬಾ ಎಂದು ಅದಕ್ಕೆ ಹೇಳುವ ದಾರಿಯೇ ಇರಲಿಲ್ಲ. ಅಂದರೆ ಅಂದು ಸಂಜೆ ಹುಡುಗನ ಜಾಗದಲ್ಲಿ ವಾಯುಪಡೆಯ ಪೈಲಟ್ ನಿಂತಿದ್ದರೂ ಅದು ಫ್ಯಾನಿಗೇ ಬಡಿಯುತ್ತಿತ್ತು. ನೆಟ್ಟಗೆ ಹಿಡಿಯಲಾಗದ ವಸ್ತುವನ್ನು ಕೈಗೆ ಕೊಟ್ಟು, ನೆಟ್ಟಗೆ ಹಿಡಿಯಲಿಲ್ಲವೆಂದು ಬೈದಿದ್ದೆ. ಫ್ಯಾನು ಆರಿಸದೆ ಇದ್ದವನೂ ನಾನೇ.

ಎಸ್‌.ಪಿ. ರಸ್ತೆಗೆ ಹೊರಟೆ. ಎಲೆಕ್ಟ್ರಾನಿಕ್ ಸಾಮಾನಿನ ಆ ಗಲ್ಲಿಗಳಲ್ಲಿ ವಿಚಾರಿಸುತ್ತ ವಿಚಾರಿಸುತ್ತ ಒಂದು ಕಟ್ಟಡದ ಮಹಡಿ ಹತ್ತಿದೆ. ಇಬ್ಬರು ನಿಂತರೆ ಮೂರನೆಯವನು ಮೆಟ್ಟಿಲ ಮೇಲೆ ಕಾಯಬೇಕಾದಷ್ಟು ಅಂಗಡಿ. ಒಳಗೆ ಒಬ್ಬ ತರುಣ ಬೆಸುಗೆ ಹಾಕುತ್ತ ಕೂತಿದ್ದ. ಗೋಡೆಯ ತುಂಬ ಹೆಲಿಕಾಪ್ಟರುಗಳು. ಮೊಳಕ್ಕಿಂತ ಉದ್ದದ, ಕಪ್ಪು ರೆಕ್ಕೆಯ, ಗಂಭೀರವಾದ ಒಂದರತ್ತ ನಾನು ಕೈ ತೋರಿದೆ.

“ಯಾರು ಹಾರಿಸ್ತಾರೆ ಸಾರ್?”

“ಮೊಮ್ಮಗ.”

“ಇದುವರೆಗೆ ಎಷ್ಟು ಸಲ ಬೀಳಿಸಿದ್ದಾನೆ?”

“ಒಂದೇ ಸಲ” ಎಂದೆ, ಅಪರಾಧ ಒಪ್ಪಿಕೊಳ್ಳುವ ದನಿಯಲ್ಲಿ.

“ಹಾಗಾದರೆ ಇನ್ನೂ ಶುರುವೇ ಆಗಿಲ್ಲ ಬಿಡಿ” ಎಂದ ಅವನು, ಬೆಸುಗೆಯ ಕಡ್ಡಿ ಕೆಳಗಿಟ್ಟು. “ಆ ದೊಡ್ಡದು ಬೇಡ. ಅದರ ರೆಕ್ಕೆ ತಗುಲಿದರೆ ಬೆರಳು ಸೀಳುತ್ತೆ.”

ಆಮೇಲೆ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನನ್ನ ಹಾಗೆ ಮಾತು ಕೊಟ್ಟು ಸಿಕ್ಕಿಬಿದ್ದಿರುವ ತಾತಂದಿರಿಗೆ ಉಪಯೋಗವಾದೀತು.

ಹೆಲಿಕಾಪ್ಟರಿನ ಮೂಲ ತಾಪತ್ರಯ ಒಂದೇ. ತಲೆಯ ಮೇಲಿನ ಪಂಖ ಒಂದು ದಿಕ್ಕಿಗೆ ತಿರುಗಿದರೆ ಕೆಳಗಿನ ಒಡಲು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ನ್ಯೂಟನ್ನನ ಮೂರನೆಯ ನಿಯಮ ಇದೇ. ಇದನ್ನು ತಡೆಯಲು ಚೇತಕ್‌, ಧ್ರುವಗಳಿಗೆ ಬಾಲದಲ್ಲಿ ನಿಂತ ಹಾಗೆ ಒಂದು ಸಣ್ಣ ಪಂಖವಿರುತ್ತದೆ. ಇನ್ನೊಂದು ಉಪಾಯವೂ ಇದೆ. ಒಂದೇ ಕಂಬಕ್ಕೆ ಮೇಲೊಂದು ಕೆಳಗೊಂದು ಎರಡು ಪಂಖ ಹಾಕಿ, ಅವನ್ನು ಒಂದಕ್ಕೊಂದು ವಿರುದ್ಧವಾಗಿ ತಿರುಗಿಸುವುದು. ಎರಡರ ಎಳೆತವೂ ಒಂದನ್ನೊಂದು ಹೊಡೆದುಹಾಕಿ ಒಡಲು ಸುಮ್ಮನಿರುತ್ತದೆ. ನಮ್ಮ ನೌಕಾಪಡೆಯ ರಷ್ಯನ್ ಕಾಮೋವ್ ಹೆಲಿಕಾಪ್ಟರುಗಳು ಈ ಜಾತಿಯವು. ಇದಕ್ಕೆ ಕೋಏಕ್ಸಿಯಲ್ ಎನ್ನುತ್ತಾರೆ. ಹೊಸಬರು ಕೊಳ್ಳಬೇಕಾದದ್ದು ಇದನ್ನೇ. ಕೈಬಿಟ್ಟರೂ ಒಂದಷ್ಟು ಹೊತ್ತು ಇದ್ದಲ್ಲೇ ತೇಲುವ ಸಾಧು ಸ್ವಭಾವ ಇದರದು. ಒಂಟಿ ಪಂಖದ್ದು ಚುರುಕು. ಆದರೆ ಪ್ರತಿಕ್ಷಣವೂ ಅದಕ್ಕೆ ಬುದ್ಧಿ ಹೇಳುತ್ತಿರಬೇಕು.

ಇಂಥ ಆಟಿಕೆಗಳ ನೆತ್ತಿಯ ಮೇಲೆ ಎರಡು ತುದಿಗೂ ಪುಟ್ಟ ಭಾರವಿರುವ ಒಂದು ಕಡ್ಡಿ ಸುತ್ತುತ್ತಿರುತ್ತದೆ. ಅದು ಅಲಂಕಾರಕ್ಕಲ್ಲ. ಚನ್ನಪಟ್ಟಣದ ಬುಗುರಿ ತಿರುಗುತ್ತಿರುವಷ್ಟು ಹೊತ್ತು ಬೀಳದೆ ನಿಲ್ಲುತ್ತದಲ್ಲ, ಅದೇ ಗುಣದಿಂದ ಈ ಕಡ್ಡಿ ತನ್ನ ಮಟ್ಟವನ್ನು ಬಿಡಲೊಲ್ಲದೆ ಹೆಲಿಕಾಪ್ಟರು ಓಲಾಡಿದಾಗ ಅದನ್ನು ಸಮಕ್ಕೆ ಎಳೆಯುತ್ತದೆ. ಒಳಗೆ ಗೈರೋ ಎಂಬ ಸಣ್ಣ ಚಿಪ್ಪೂ ಇದ್ದರೆ ಇನ್ನೂ ಒಳ್ಳೆಯದು. ನಾವು ಹೇಳದೆ ಮೂತಿ ತಿರುಗಲು ಹೊರಟರೆ ಅದು ಪತ್ತೆಮಾಡಿ ಎರಡು ಪಂಖಗಳ ವೇಗವನ್ನು ಸರಿಹೊಂದಿಸುತ್ತದೆ. 2010ರ ಸುಮಾರಿಗೆ ದೇಶವಿದೇಶಗಳಲ್ಲಿ ಹೆಸರಾದ ಸೈಮಾ ಎಸ್‌107 ಎಂಬ ಪುಟ್ಟ ಹೆಲಿಕಾಪ್ಟರಿನ ಗುಟ್ಟು ಇಷ್ಟೇ: ಎರಡು ಪಂಖ, ಒಂದು ಕಡ್ಡಿ, ಒಂದು ಗೈರೋ. ಆಮೇಲೆ ಬಂದ ಅಗ್ಗದವು ಬಹುಪಾಲು ಅದರ ದಾಯಾದಿಗಳು.

ಇನ್ನು ಚಾನೆಲ್ಲು. ಡಬ್ಬದ ಮೇಲೆ ಎರಡು, ಮೂರು, ಮೂರೂವರೆ, ನಾಲ್ಕು ಚಾನೆಲ್ ಎಂದು ಬರೆದಿರುತ್ತದೆ. ಟೀವಿಯ ಚಾನೆಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಏರಿಳಿಯುವುದು ಒಂದು, ಮೂತಿ ತಿರುಗಿಸುವುದು ಇನ್ನೊಂದು, ಮುಂದೆ ಹಿಂದೆ ಹೋಗುವುದು ಮೂರನೆಯದು, ಮೂತಿ ತಿರುಗಿಸದೆ ಪಕ್ಕಕ್ಕೆ ಸರಿಯುವುದು ನಾಲ್ಕನೆಯದು. ಎರಡೇ ಇದ್ದರೆ ಗಾಳಿ ಕರೆದುಕೊಂಡು ಹೋದಲ್ಲಿಗೆ ಹೋಗಬೇಕು. ನಾಲ್ಕಾದರೆ ಹೊಸಬನ ಎರಡು ಹೆಬ್ಬೆರಳಿಗೆ ಒಮ್ಮೆಲೇ ನಾಲ್ಕು ಯೋಚನೆ. ಮೂರು ಸಾಕು. ಆ ಅರ್ಧವೆಂದರೆ ಸಾಮಾನ್ಯವಾಗಿ ದೀಪವೋ ಮತ್ತೊಂದೋ ಒಂದು ಚಮತ್ಕಾರ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ರಿಮೋಟಿನಲ್ಲೂ ಎರಡು ಬಗೆ. ಒಂದು, ಟೀವಿ ರಿಮೋಟಿನಂತೆ ಇನ್‌ಫ್ರಾರೆಡ್ ಕಿರಣದ್ದು. ಅಗ್ಗ, ಆದರೆ ಬಿಸಿಲಿನಲ್ಲಿ ಕುರುಡು, ಮನೆಯೊಳಗೆ ಮಾತ್ರ. ಎರಡನೆಯದು 2.4 ಗಿಗಾಹರ್ಟ್ಸ್ ರೇಡಿಯೋದ್ದು. ಬೆಲೆ ಹೆಚ್ಚು, ಬಿಸಿಲಿಗೆ ಹೆದರುವುದಿಲ್ಲ. ಹಾಗೆಂದು ಬಯಲಿಗೆ ಒಯ್ದರೆ 40 ಗ್ರಾಮಿನ ಈ ಜೀವಕ್ಕೆ ನಮಗೆ ಗೊತ್ತೇ ಆಗದ ಗಾಳಿಯೂ ಬಿರುಗಾಳಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿಗಿಂತ ಹಗುರವಾದವು ನ್ಯಾನೊ ವರ್ಗಕ್ಕೆ ಸೇರುತ್ತವೆ, ಪೈಲಟ್ ಪರವಾನಗಿ ಬೇಡ. ಆದರೂ ನಮ್ಮಂತೆ ವಿಮಾನ ನಿಲ್ದಾಣದ ಪಕ್ಕ ಇರುವವರು ಆಕಾಶವನ್ನು ದೊಡ್ಡ ಹೆಲಿಕಾಪ್ಟರುಗಳಿಗೇ ಬಿಡುವುದು ಲೇಸು. ನಮಗೆ ನಡುಮನೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಆ ತರುಣ ಗಾಜಿನ ಪೆಟ್ಟಿಗೆಯಿಂದ ಒಂದು ಗೇಣಿನಷ್ಟು ಉದ್ದದ ಕೆಂಪು ಹೆಲಿಕಾಪ್ಟರನ್ನು ತೆಗೆದು, ಎದೆಯೆತ್ತರಕ್ಕೆ ಹಿಡಿದು, ಕೈಬಿಟ್ಟುಬಿಟ್ಟ! ಅದು ಟಪ್ಪೆಂದು ನೆಲಕ್ಕೆ ಬಿತ್ತು. ನಾನು ಹೌಹಾರಿದೆ. ಅವನು ಎತ್ತಿಕೊಂಡು ಊದಿ, ಮೇಜಿನ ಮೇಲಿಟ್ಟು ಹಾರಿಸಿದ. ಏನೂ ಆಗಿರಲಿಲ್ಲ.

“ಎಷ್ಟು ಎತ್ತರ ಹಾರುತ್ತೆ ಅಂತ ಎಲ್ಲರೂ ಕೇಳ್ತಾರೆ ಸಾರ್. ಬಿದ್ದರೆ ಏನು ಮುರಿಯುತ್ತೆ, ಮುರಿದದ್ದು ಎಲ್ಲಿ ಸಿಗುತ್ತೆ ಅಂತ ಕೇಳಬೇಕು” ಎಂದ.

ಕೇಳಿದೆ. ಮುರಿಯುವುದು ಬಾಲದ ಪಂಖ, ಮುಖ್ಯ ರೆಕ್ಕೆಗಳು, ನೆತ್ತಿಯ ಕಡ್ಡಿ, ಅದನ್ನು ಸೇರಿಸುವ ಕೊಂಡಿ. ಎಲ್ಲವೂ ಬಿಡಿಯಾಗಿ ಅವನಲ್ಲಿ ಸಿಗುತ್ತಿದ್ದವು. ಬಿಡಿಭಾಗ ಸಿಗದ ಹೆಲಿಕಾಪ್ಟರು ಎಷ್ಟೇ ಅಗ್ಗವಾದರೂ ದುಬಾರಿ. ನನ್ನ 750 ರೂಪಾಯಿಯದು ಅಂಥದ್ದು. ಡಬ್ಬದ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ ಎಂದೂ ತೋರಿಸಿದ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ವಿದ್ಯುತ್ತಿನಿಂದ ನಡೆಯುವವಕ್ಕೆ ಐಎಸ್‌ 15644 ಎಂಬ ಮಾನದಂಡವಿದೆ. ಬೆಟ್ಟ, ಮೋಡ, ಮಿಂಚು ಎಲ್ಲ ಇದ್ದ ನನ್ನ ಹಳೆಯ ಡಬ್ಬದ ಮೇಲೆ ಆ ಗುರುತೊಂದು ಇರಲಿಲ್ಲ. ಎರಡು ಸಾವಿರದ ಚಿಲ್ಲರೆ ಕೊಟ್ಟು ಕೆಂಪು ಹೆಲಿಕಾಪ್ಟರನ್ನೂ, ಒಂದು ಪೊಟ್ಟಣ ರೆಕ್ಕೆಗಳನ್ನೂ, ಅಕ್ಕಸಾಲಿಗರು ಬಳಸುವಷ್ಟು ಸಣ್ಣ ಸ್ಕ್ರೂಡ್ರೈವರನ್ನೂ ತಂದೆ.

ಆದರೆ ಹುಡುಗನಿಗೆ ಕೊಡಲಿಲ್ಲ. ಈ ಸಲ ಮೊದಲು ನಾನು ಕಲಿಯುವುದೆಂದು ನಿಶ್ಚಯಿಸಿದ್ದೆ.

ಮಧ್ಯಾಹ್ನ ನಮ್ಮಾಕೆ ಮಲಗಿದ ಮೇಲೆ, ಫ್ಯಾನು ಆರಿಸಿ, ಜಮಖಾನ ಹಾಸಿ, ತಾಲೀಮು ಶುರು. ಮೊದಲ ದಿನ ಭಯದಿಂದ ನೆಲಕ್ಕೆ ಅಂಟಿದ ಹಾಗೆ, ಬೊಗಸೆಯೆತ್ತರದಲ್ಲಿ ಹಾರಿಸಲು ಹೋದೆ. ಅದು ಕುಡುಕನಂತೆ ತೂರಾಡಿ ಕುರ್ಚಿಯ ಕಾಲಿಗೆ ಹೊಡೆಯಿತು. ತನ್ನದೇ ಗಾಳಿ ನೆಲಕ್ಕೆ ಬಡಿದು ವಾಪಸು ಬಂದು ಅದನ್ನೇ ಅಲುಗಿಸುತ್ತದೆ. ಧೈರ್ಯವಾಗಿ ಸೊಂಟದೆತ್ತರಕ್ಕೆ ಏರಿಸಿಬಿಟ್ಟರೆ ತಾನೇ ಶಾಂತವಾಗುತ್ತದೆ. ನೆಲಕ್ಕೆ ಹತ್ತಿರವಿದ್ದಷ್ಟೂ ಕ್ಷೇಮ ಎಂದು ಅರವತ್ತೆಂಟು ವರ್ಷ ನಂಬಿದ್ದವನಿಗೆ ಇದು ಹೊಸ ಪಾಠ.

ಎರಡನೆಯ ದಿನ ಇನ್ನೊಂದು. ಬಾಲ ನಮ್ಮ ಕಡೆಗಿರುವಾಗ ಎಡವೆಂದರೆ ಎಡ, ಬಲವೆಂದರೆ ಬಲ. ಮೂತಿ ನಮ್ಮ ಕಡೆ ತಿರುಗಿತೋ, ಎಲ್ಲ ಅದಲುಬದಲು. ಅದರ ಎಡ ನಮ್ಮ ಬಲ. ಅದು ನನ್ನ ಕಡೆಗೇ ಬರುತ್ತಿದ್ದಾಗ ನಾನು ತಪ್ಪಿಸಹೋಗಿ ಸರಿಯಾಗಿ ಹಣೆಗೇ ಗುರಿಯಿಟ್ಟುಕೊಂಡೆ. ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಉದ್ದ ಕೂದಲಿನವರು ಗಂಟು ಕಟ್ಟಿಕೊಂಡೇ ಹತ್ತಿರ ನಿಲ್ಲಬೇಕು.

ಮೂರನೆಯ ದಿನ ಕಿಟಕಿಯ ಬಳಿ ಬಿಸಿಲಿನ ಪಟ್ಟೆಯೊಳಕ್ಕೆ ಹೋದದ್ದೇ ರಿಮೋಟಿನ ಮಾತು ಕೇಳುವುದನ್ನು ಬಿಟ್ಟು ಪರದೆಗೆ ಸಿಕ್ಕಿಕೊಂಡಿತು. ಗಾಬರಿಯಲ್ಲಿ ನನ್ನ ಹೆಬ್ಬೆರಳು ಎಕ್ಸಲರೇಟರಿನ ಕಡ್ಡಿಯನ್ನು ಇನ್ನಷ್ಟು ಮೇಲೆ ತಳ್ಳಿತು. ಹಲ್ಲುಗಾಲಿ ಕಟಕಟ ಎಂದಿತು. ಇಡೀ ವಿದ್ಯೆಯಲ್ಲಿ ಕಷ್ಟದ ಭಾಗ ಇದೇ. ಏನಾದರೂ ತಗುಲಿದ ಕೂಡಲೇ ಜೋರು ಮಾಡಬೇಕೆಂದು ಕೈ ಹೇಳುತ್ತದೆ. ಮಾಡಬೇಕಾದದ್ದು ಅದರ ಉಲ್ಟಾ. ಕಡ್ಡಿಯನ್ನು ಪೂರ್ತಿ ಇಳಿಸಿ, ಸುಮ್ಮನೆ ಬೀಳಲು ಬಿಟ್ಟುಬಿಡಬೇಕು. ಹಗುರವಾದದ್ದು ಬಿದ್ದು ಕೆಡುವುದು ಕಡಿಮೆ. ಬಡಿಯುತ್ತಲೇ ತಿರುಗಿದರೆ ಮುರಿಯುತ್ತದೆ. ಮಗು ತಪ್ಪು ಮಾಡಿದಾಗ ನನ್ನ ದನಿ ಜೋರಾದದ್ದೂ ಇಂಥದೇ ಗಾಬರಿಯಿಂದ ಎಂದು ಆ ಹೊತ್ತಿಗೆ ಹೊಳೆಯಿತು.

“ರೀ, ಏನ್ರೀ ಅದು ಜೀರುಂಡೆ ಸದ್ದು?” ಎನ್ನುತ್ತ ನಮ್ಮಾಕೆ ಎದ್ದು ಬಂದಳು. ಪರದೆಯಿಂದ ನೇತಾಡುತ್ತಿದ್ದ ಹೆಲಿಕಾಪ್ಟರನ್ನೂ ನನ್ನನ್ನೂ ನೋಡಿ, “ಹುಟ್ಟುಹಬ್ಬ ಯಾರದು?” ಎಂದಷ್ಟೇ ಕೇಳಿ ಕಾಫಿಗೆ ನೀರಿಡಲು ಹೋದಳು.

ಬ್ಯಾಟರಿಯ ವಿಷಯ ಹೇಳದಿದ್ದರೆ ತಪ್ಪಾದೀತು. ಆರೇಳು ನಿಮಿಷ ಹಾರಾಟ, ಮುಕ್ಕಾಲು ಗಂಟೆ ಚಾರ್ಜು, ಇದೇ ಇದರ ಸಂಸಾರ. ಇಳಿಸಿದ ತಕ್ಷಣ ಚಾರ್ಜಿಗೆ ಹಾಕದೆ ಆರಲು ಬಿಡಬೇಕು. ಒಳಗಿರುವುದು ಲಿಥಿಯಂ ಪಾಲಿಮರ್, ಸಿಟ್ಟಿನ ಪದಾರ್ಥ. ಚಾರ್ಜಿಗೆ ಹಾಕಿ ಪೇಟೆಗೆ ಹೋಗಬಾರದು, ಉಬ್ಬಿದ್ದನ್ನು ಮತ್ತೆ ಬಳಸಬಾರದು, ಪೂರ್ತಿ ಖಾಲಿಯಾಗಿಸಿ ತಿಂಗಳುಗಟ್ಟಲೆ ಮೂಲೆಗಿಡಬಾರದು. ಆರೇ ನಿಮಿಷವೇ ಎಂದು ಮೊದಲು ಅನ್ನಿಸಿತ್ತು. ಆದರೆ ಆ ಮುಕ್ಕಾಲು ಗಂಟೆಯಲ್ಲೇ ನಾನು ಸ್ಕ್ರೂ ತಿರುಗಿಸುವುದನ್ನು ಕಲಿತದ್ದು. ರೆಕ್ಕೆಯ ಸ್ಕ್ರೂ ಬಿಗಿಯಾಗಿರಬಾರದು, ರೆಕ್ಕೆ ಸಡಿಲವಾಗಿ ಆಡುತ್ತಿರಬೇಕು. ಆಗ ತಗುಲಿದರೂ ಮಡಚಿಕೊಳ್ಳುತ್ತದೆ, ಮುರಿಯುವುದಿಲ್ಲ.

ಹತ್ತು ದಿನ ಕಳೆದ ಮೇಲೆ, ಭಾನುವಾರ, ಪುಟ್ಟನನ್ನು ಕರೆದು ಒಂದು ಬೆಂಕಿಪೊಟ್ಟಣ ಕೊಟ್ಟೆ. ತೆರೆದು ನೋಡಿದ. ಒಳಗೆ ಮುರಿದ ರೆಕ್ಕೆಗಳು, ಎರಡು ಬಾಲದ ಪಂಖ, ಒಂದು ಬಾಗಿದ ಕಡ್ಡಿ.

“ಯಾರು ಮುರಿದದ್ದು ತಾತ?”

“ನಾನು.”

“ಎಲ್ಲಾನೂ?”

“ಎಲ್ಲಾನೂ. ಅವತ್ತಿಂದು ಮುರಿದದ್ದೂ ನೀನಲ್ಲ ಕಣೋ. ಅದಕ್ಕೆ ತಿರುಗೋಕೇ ಬರ್ತಿರಲಿಲ್ಲ. ನೋಡದೆ ತಂದು ನಿನ್ನ ಬೈದೆ.”

ಅವನು ಉತ್ತರ ಕೊಡಲಿಲ್ಲ. ತುಂಡುಗಳನ್ನು ಜಮಖಾನದ ಮೇಲೆ ಸಾಲಾಗಿ ಜೋಡಿಸಿ ಎಣಿಸಿದ. ಒಂಬತ್ತು. ನಾನು ಇಗೋರ್ ಸಿಕೋರ್ಸ್ಕಿಯ ಕತೆ ಹೇಳಿದೆ. ಒಂಟಿ ಪಂಖ, ಬಾಲದ ಪಂಖ ಎಂಬ ಇಂದಿನ ರೂಪಕ್ಕೆ ದಾರಿ ಹಾಕಿದ ವಿಎಸ್‌-300 ಅನ್ನು ಆತ 1939ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ಮೊದಲು ಮೇಲೆತ್ತಿದಾಗ ಅದನ್ನು ನೆಲಕ್ಕೆ ಕಟ್ಟಿಹಾಕಿದ್ದರು. ಅದೇ ಡಿಸೆಂಬರಿನಲ್ಲಿ ಅದು ಮಗುಚಿ ಹಾಳಾಯಿತು. ಮತ್ತೆ ಕಟ್ಟಿದರು. ಕಟ್ಟಿಲ್ಲದೆ ಹಾರಿದ್ದು 1940ರ ಮೇ ತಿಂಗಳಲ್ಲಿ.

“ಅವರ ತಾತ ಬೈದರಾ?” ಎಂದು ಕೇಳಿದ. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ರಿಮೋಟು ಅವನ ಕೈಗೆ ಹೋಯಿತು. ಮೊದಲ ಸಲ ನಾಲ್ಕು ಸೆಕೆಂಡು, ಆಮೇಲೆ ಹತ್ತು. ಅರ್ಧ ಗಂಟೆಗೆಲ್ಲ ಆಗುವ ಕೆಲಸವಲ್ಲ ಅದು. ಆ ಭಾನುವಾರ, ಮುಂದಿನ ಭಾನುವಾರ, ಮತ್ತೂ ಒಂದು ಭಾನುವಾರ ಹಿಡಿಯಿತು. ನಾನು ಹತ್ತು ದಿನ ತಿಣುಕಿದ್ದ ಎಡಬಲದ ಅದಲುಬದಲನ್ನು ಅವನು ಮೂರನೆಯ ವಾರಕ್ಕೆ ದಾಟಿದ. ನಾಲ್ಕನೆಯ ವಾರ ಅಡುಗೆಮನೆಯ ಬಾಗಿಲಿನಿಂದ ಹೊರಡಿಸಿ, ಊಟದ ಮೇಜನ್ನು ಸುತ್ತಿಸಿ, ಅಜ್ಜಿಯ ಮಣೆಯ ಮೇಲೆ ಇಳಿಸಲು ಹೊರಟ.

ಮಣೆಗೆ ಗೇಣುದ್ದ ಇರುವಾಗ ರೆಕ್ಕೆ ಬಾಗಿಲಿನ ಚೌಕಟ್ಟಿಗೆ ತಗುಲಿತು. ಅವನ ಹೆಬ್ಬೆರಳು ತಟಕ್ಕನೆ ಕೆಳಗಿಳಿಯಿತು. ಹೆಲಿಕಾಪ್ಟರು ಸುಮ್ಮನೆ ನೆಲಕ್ಕೆ ಬಿತ್ತು. ಒಂದು ರೆಕ್ಕೆ ಮುರಿದು ಜಮಖಾನದ ಅಂಚಿನವರೆಗೆ ಹಾರಿತು.

ನಾನು ಕಾದೆ. ಅವನು ನನ್ನ ಮುಖ ನೋಡಲಿಲ್ಲ. ಮಂಡಿಯೂರಿ ಕೂತು, ಹೆಲಿಕಾಪ್ಟರನ್ನು ಅಂಗಾತ ತಿರುಗಿಸಿ, ಹಿಂದಕ್ಕೆ ಕೈ ಚಾಚಿದ.

“ತಾತ, ಸ್ಕ್ರೂಡ್ರೈವರ್.”